ಯು-ಲಾಕ್ ಹೊರುವ ಬ್ರಾಕೆಟ್: ತೂಕ ಓಕೆ, ಸದ್ದು ಯಾಕೆ?

ಬೀಗದ ಮೇಲೆ ನನ್ನದು ಒಂದು ದೂರೂ ಇಲ್ಲ. ದಪ್ಪ ಸರಳಿನ ಸೈಕಲ್ ಯು-ಲಾಕ್, ಅಂದರೆ ಯು ಆಕಾರದ ಸರಳು, ಅದರ ಬಾಯಿ ಮುಚ್ಚುವುದಕ್ಕೆ ಒಂದು ಅಡ್ಡ ಸರಳು, ಹತ್ತಿರ ಹತ್ತಿರ ಎರಡು ಕಿಲೊ ತೂಕ. ಬಿಸಿಲು ಮಳೆ ಎಲ್ಲ ಕಂಡಿದೆ, ಇವತ್ತಿಗೂ ಕೀ ಸಲೀಸಾಗಿ ತಿರುಗುತ್ತದೆ. ದೂರು ಇರುವುದು ಅದೇ ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಬ್ರಾಕೆಟ್ ಮೇಲೆ. ಬೀಗವನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೋಗಿ ಅಂತ ಕೊಡುತ್ತಾರಲ್ಲ, ಅಂಗೈಯಷ್ಟು ದೊಡ್ಡ ಸಾಮಾನು, ಅದು.

ಬೀಗದ ವಿಮರ್ಶೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸರಳು ಎಷ್ಟು ಮಿಲಿಮೀಟರ್, ಯಾವ ಕಟರ್‌ಗೆ ತುಂಡಾಗುತ್ತದೆ, ಯಾವ ರೇಟಿಂಗ್ ಸಿಕ್ಕಿದೆ, ಎಲ್ಲ ಸಿಗುತ್ತದೆ. ಹೊರುವುದು ಹೇಗೆ ಅನ್ನುವ ಪ್ರಶ್ನೆಗೆ ಮಾತ್ರ 'ಬ್ರಾಕೆಟ್ ಜೊತೆಗೇ ಬರುತ್ತದೆ' ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಹೊಸ ಸೈಕಲ್ಲು, ಹೊಸ ಬೀಗ, ಮೊದಲ ದಿನದ ಫೋಟೊ, ಐದು ಸ್ಟಾರ್. ಆಮೇಲೆ ಅವರ ಸುದ್ದಿಯೇ ಇಲ್ಲ. ವರ್ಷಗಟ್ಟಲೆ ಬಳಸಿದ ಮೇಲೆ ಗೊತ್ತಾಗುವ ಸಂಗತಿಯೇ ಬೇರೆ.

ಮೊದಲು ನನ್ನ ಸವಾರಿ ಎಂಥದ್ದು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಗೊಣಗಾಟಕ್ಕೆ ಅರ್ಥ ಇರುವುದಿಲ್ಲ. ನಾನು ದೂರ ಹೋಗುವವನಲ್ಲ. ಹತ್ತಿರ ಹತ್ತಿರದ ಕೆಲಸಗಳು, ದಿನಕ್ಕೆ ಹಲವು ಕಡೆ ನಿಲ್ಲಿಸಬೇಕು. ನಿಲ್ಲಿಸಿದ ಕಡೆಯೆಲ್ಲ ಬೀಗ ತೆಗಿ, ಹಾಕು, ಮತ್ತೆ ತೆಗಿ, ಮತ್ತೆ ಸಿಕ್ಕಿಸು. ಆದ್ದರಿಂದ ನನಗೆ ಬೀಗ ಎಷ್ಟು ಭಾರ ಅನ್ನುವುದಕ್ಕಿಂತ ಎಷ್ಟು ಬೇಗ ಕೈಗೆ ಬರುತ್ತದೆ, ಎಷ್ಟು ಬೇಗ ಜಾಗಕ್ಕೆ ಹೋಗಿ ಕೂರುತ್ತದೆ ಅನ್ನುವುದೇ ಮುಖ್ಯ. ಬೆಳಿಗ್ಗೆ ಒಂದು ಸಲ ಹಾಕಿ ಸಂಜೆ ತೆಗೆಯುವವರಾದರೆ ನಿಮಗೆ ಇಷ್ಟೆಲ್ಲ ತಲೆನೋವು ಬೇಡ, ನಿಮಗೊಂದು ಸುಲಭದ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಬ್ರಾಕೆಟ್ ಎರಡು ಥರ ಕೂರಿಸಬಹುದು. ಒಂದು, ಪಟ್ಟಿ ಸುತ್ತಿ ಬಿಗಿಯುವ ಕ್ಲ್ಯಾಂಪ್. ಇನ್ನೊಂದು, ನೀರಿನ ಬಾಟಲಿಯ ಸ್ಟ್ಯಾಂಡ್ ಕೂರುವ ಎರಡು ಸ್ಕ್ರೂ ತೂತುಗಳಿಗೆ ನೇರವಾಗಿ ಹಾಕುವುದು. ನನ್ನದು ಎರಡಕ್ಕೂ ಆಗುತ್ತದೆ. ಪಟ್ಟಿ ಸುತ್ತಿದ್ದಾಗ ಅದು ಒಂದು ವಾರವೂ ಹಾಕಿದ ಜಾಗದಲ್ಲಿ ನಿಲ್ಲಲಿಲ್ಲ. ಎರಡು ಕಿಲೊ ಕಬ್ಬಿಣ ಒಂದೇ ಪಕ್ಕಕ್ಕೆ ಜೋತುಬಿದ್ದಿರುತ್ತದೆ, ರಸ್ತೆ ಕುಲುಕಿದ ಹಾಗೆಲ್ಲ ಪಟ್ಟಿ ಕೂದಲೆಳೆಯಷ್ಟು ತಿರುಗುತ್ತದೆ. ಹೀಗೆ ತಿರುಗಿ ತಿರುಗಿ ಬೀಗದ ಮೂಲೆ ನೇರ ಮೊಣಕಾಲಿನ ದಾರಿಗೆ ಬರುತ್ತದೆ. ಮೊದಲು ಪ್ಯಾಂಟಿಗೆ ತಾಗುತ್ತದೆ, ಆಮೇಲೆ ಮೂಳೆಗೆ. ಸ್ಕ್ರೂ ತೂತು ಇರುವ ಸೈಕಲ್ ಆದರೆ ಪಟ್ಟಿಯನ್ನು ಪೆಟ್ಟಿಗೆಯಲ್ಲೇ ಬಿಡಿ. ಕಾರ್ಬನ್ ಫ್ರೇಮ್ ಆದರಂತೂ ಬಿಗಿಯುವ ಕ್ಲ್ಯಾಂಪ್ ಬೇಡವೇ ಬೇಡ, ಅದರ ಬಾರುಗಳು, ಅಂದರೆ ಫ್ರೇಮಿನ ಕೊಳವೆಗಳು, ಹಿಂಡುವುದಕ್ಕೆ ಮಾಡಿದವಲ್ಲ.

ಸ್ಕ್ರೂ ಹಾಕಿದ ಮೇಲೆ ಜಾರುವ ಕಾಟ ಹೋಯಿತು. ಹೆಚ್ಚಿನ ಸೈಕಲ್‌ಗಳಲ್ಲಿ ಈ ಎರಡು ತೂತುಗಳ ನಡುವೆ 64 ಮಿಲಿಮೀಟರ್ ಅಂತರ, ಎಂ5 ಸ್ಕ್ರೂ, ಅಂದರೆ 5 ಮಿಲಿಮೀಟರ್ ದಪ್ಪದ್ದು. ಅಳತೆ ಒಂದೇ ಆಗಿರುವುದರಿಂದ ಯಾವ ಕಂಪನಿಯ ಬ್ರಾಕೆಟ್ ಆದರೂ ಹೆಚ್ಚುಕಡಿಮೆ ಕೂರುತ್ತದೆ. ಒಂದೇ ಎಚ್ಚರ: ಮೈಮೇಲೆ ದೆವ್ವ ಬಂದವರ ಹಾಗೆ ಬಿಗಿಯಬೇಡಿ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಸ್ಕ್ರೂ ಹಿಡಿಯುವ ನಟ್ಟು ಬೇರೆಯೇ ತುಂಡು, ಅದನ್ನು ತೂತಿನೊಳಗೆ ಕೂರಿಸಿರುತ್ತಾರೆ. ಅದು ಸಡಿಲವಾಗಿ ಸ್ಕ್ರೂ ಜೊತೆಗೇ ಸುತ್ತತೊಡಗಿದರೆ ಬಿಚ್ಚುವುದಕ್ಕೂ ಆಗುವುದಿಲ್ಲ, ಬಿಗಿಯುವುದಕ್ಕೂ ಆಗುವುದಿಲ್ಲ.

ಈಗ ಸದ್ದಿನ ವಿಷಯ.

ಬ್ರಾಕೆಟ್ಟಿನ ಬಾಯಿಗೂ ಬೀಗದ ಅಡ್ಡ ಸರಳಿಗೂ ನಡುವೆ ಒಂದು ಸಣ್ಣ ಸಂದು ಇದೆ. ಕಣ್ಣಿಗೆ ಕಾಣದಷ್ಟು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಬೀಗ ಒಳಗೆ ಹೋಗುವಾಗ 'ಕ್ಲಿಕ್' ಅಂತ ಚೆನ್ನಾಗಿಯೇ ಕೂರುತ್ತದೆ, ಬಿದ್ದುಹೋಗುವ ಭಯ ಇಲ್ಲ. ಆದರೆ ಆ ಸಂದು ಸಾಕು. ನುಣ್ಣನೆ ರಸ್ತೆಯಲ್ಲಿ ಸುಮ್ಮನಿರುತ್ತದೆ. ಸ್ವಲ್ಪ ಒರಟು ಸಿಕ್ಕಿತೋ, ಟಕ ಟಕ ಟಕ ಟಕ. ಫ್ರೇಮಿನ ಬಾರುಗಳು ಒಳಗೆ ಪೊಳ್ಳು ಅಲ್ವಾ, ಸದ್ದು ಇನ್ನೂ ದೊಡ್ಡದಾಗಿ ಕೇಳುತ್ತದೆ, ಖಾಲಿ ಡಬ್ಬಿಗೆ ಚಮಚ ಹಾಕಿ ಅಲ್ಲಾಡಿಸಿದ ಹಾಗೆ. ಮುಂದೆ ಹೋಗುವವರು ಹಿಂತಿರುಗಿ ನೋಡುತ್ತಾರೆ. ಅವರಿಗೆ ಬೆಲ್ ಹೊಡೆಯುವ ಅಗತ್ಯವೇ ಇಲ್ಲ.

ಸದ್ದು ಬರೀ ಕಿವಿಗೆ ಕಿರಿಕಿರಿ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಸೈಕಲ್ ಓಡಿಸುವವರು ಅರ್ಧ ರಿಪೇರಿಯನ್ನು ಕಿವಿಯಲ್ಲೇ ಮಾಡುತ್ತಾರೆ. ಚೈನು ಒಣಗಿದರೆ ಒಂದು ಸದ್ದು, ಬ್ರೇಕು ಸವೆದರೆ ಒಂದು, ಮಡ್‌ಗಾರ್ಡ್ ಸ್ಕ್ರೂ ಸಡಿಲವಾದರೆ ಇನ್ನೊಂದು. ಈ ಟಕಟಕ ಎಲ್ಲವನ್ನೂ ಮುಚ್ಚಿಹಾಕುತ್ತದೆ. ನಿಜವಾಗಿ ಏನಾದರೂ ಸಡಿಲವಾಗಿದ್ದರೂ 'ಅಯ್ಯೋ ಬೀಗ ಬಿಡು' ಅಂತ ಮುಂದೆ ಹೋಗುವ ಅಭ್ಯಾಸ ಆಗಿಬಿಡುತ್ತದೆ. ನಿಮ್ಮ ಸೈಕಲ್ಲಿನ ಸದ್ದು ಬೀಗದ್ದೋ ಬೇರೆಯದೋ ಅಂತ ಅನುಮಾನ ಇದ್ದರೆ, ಖಾಲಿ ಒರಟು ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಮೊಣಕಾಲಿನಿಂದ ಬೀಗವನ್ನು ಒತ್ತಿ ನೋಡಿ. ಬಾಯಿ ಮುಚ್ಚಿದರೆ ಕಳ್ಳ ಸಿಕ್ಕ ಹಾಗೆ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಭಾರ ಅನ್ನಿಸುತ್ತಿದ್ದದ್ದು ತೂಕದಿಂದ ಅಲ್ಲ, ಅಲುಗಾಟದಿಂದ. ಫ್ರೇಮಿನ ನಡುವೆ, ತಗ್ಗಿನಲ್ಲಿ, ಅಲ್ಲಾಡದೆ ಕೂತಿರುವ ಎರಡು ಕಿಲೊ ಇದ್ದೂ ಇಲ್ಲದ ಹಾಗೆ. ಅದೇ ಎರಡು ಕಿಲೊ ಹ್ಯಾಂಡಲ್ಲಿಗೆ ನೇತುಹಾಕಿ ನೋಡಿ, ತಿರುವಿನಲ್ಲಿ ಸೈಕಲ್ಲೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಎಷ್ಟೋ ಜನ ಹೀಗೆ ಹೋಗುವುದನ್ನು ನೋಡುತ್ತೇನೆ. ದಯವಿಟ್ಟು ಬಿಡಿ. ಓಲಾಡುವ ಬೀಗ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಂಡರೆ ಚಕ್ರ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.

ಈ ಕಿರಿಕಿರಿಗೆ ಬೇಸತ್ತು ಬ್ರಾಕೆಟ್ ಬಿಚ್ಚಿಟ್ಟು ಬೇರೆ ದಾರಿಗಳನ್ನೂ ನೋಡಿದೆ. ಬೆನ್ನ ಚೀಲ ಮೊದಲನೆಯದು. ಬೀಗ ಚೀಲದ ತಳಕ್ಕೆ ಹೋಗುತ್ತದೆ, ಬೇಕಾದಾಗ ಮೇಲಿನದ್ದೆಲ್ಲ ತೆಗೆಯಬೇಕು. ಬೆನ್ನು ಬೆವರಿ ತೊಪ್ಪೆ. ಅದಕ್ಕಿಂತ ಮುಖ್ಯ, ಬೆನ್ನ ಮೇಲೆ ಬಿದ್ದರೆ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಗಟ್ಟಿ ಉಕ್ಕು ಇರುತ್ತದೆ. ಅದು ನೆನಪಾದ ಮೇಲೆ ಚೀಲದಲ್ಲಿ ಹಾಕಿಕೊಳ್ಳುವ ಮನಸ್ಸೇ ಬರಲಿಲ್ಲ. ಗಿಡ್ಡ ಯು-ಲಾಕನ್ನು ಪ್ಯಾಂಟಿನ ಹಿಂಬದಿ ಜೇಬಿಗೋ ಬೆಲ್ಟಿಗೋ ಸಿಕ್ಕಿಸಿಕೊಳ್ಳುವವರಿದ್ದಾರೆ, ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ನನ್ನ ಪ್ಯಾಂಟಿಗೆ ಅಷ್ಟು ತಾಳ್ಮೆ ಇಲ್ಲ.

ಚೈನ್ ಲಾಕ್ ಇರುವವರು ಭುಜಕ್ಕೆ ಅಡ್ಡಲಾಗಿ ಹಾಕಿಕೊಳ್ಳುತ್ತಾರೆ. ಮುಂದಕ್ಕೆ ಬಗ್ಗಿದ ತಕ್ಷಣ ಅದು ಎದೆಯ ಕಡೆ ಜಾರಿ ಬರುತ್ತದೆ. ಸೊಂಟಕ್ಕೆ ಸುತ್ತಿಕೊಳ್ಳುವುದು ಎಷ್ಟೋ ವಾಸಿ. ಹಿಪ್‌ಲಾಕ್ ಕಂಪನಿಯವರು ಇದಕ್ಕೆಂದೇ ಚೈನ್ ಮಾಡುತ್ತಾರೆ, ಅದು ಬೆಲ್ಟಿನ ಹಾಗೆ ಸೊಂಟಕ್ಕೆ ಕೂರುತ್ತದೆ, ಮೈಮೇಲೆ ಇರುವಾಗ ಬೀಗ ಹಾಕಿರುವುದಿಲ್ಲ. ಅದೇ ಅದರ ಜಾಣತನ. ಮಾಮೂಲಿ ಚೈನನ್ನು ಸೊಂಟಕ್ಕೆ ಸುತ್ತಿ ಬೀಗ ಒತ್ತಿಬಿಟ್ಟು ಹೊರಡಬೇಡಿ, ಬಿದ್ದಾಗ ಬಿಚ್ಚುವುದಕ್ಕೆ ಕೀ ಹುಡುಕುತ್ತಾ ಕೂರಬೇಕಾಗುತ್ತದೆ. ತೀರಾ ದಪ್ಪ ಚೈನ್ ಆದರೆ ಸೊಂಟವೂ ಬೇಡ. ಕ್ರಿಪ್ಟೊನೈಟ್ ಕಂಪನಿಯ 14 ಮಿಲಿಮೀಟರ್ ಕೊಂಡಿಯ ಒಂದು ಮೀಟರ್ ಚೈನ್ ಹೆಚ್ಚುಕಡಿಮೆ 5 ಕಿಲೊ ಬರುತ್ತದೆ. ಅಂಥದ್ದು ಒಂದೇ ಕಡೆ ಇರಬೇಕಾದ ಸಾಮಾನು.

ಆಗಲೇ ಹೇಳಿದ ಸುಲಭದ ದಾರಿ ಇದೇ. ದಿನಾ ಒಂದೇ ಜಾಗದಲ್ಲಿ ನಿಲ್ಲಿಸುವವರು ಭಾರದ ಬೀಗವನ್ನು ಅಲ್ಲೇ ಸ್ಟ್ಯಾಂಡಿಗೆ ಹಾಕಿ ಬಿಟ್ಟು ಬರಬಹುದು, ಆ ಜಾಗದವರು ಒಪ್ಪಿದರೆ. ಕೀ ತೂತು ಕೆಳಮುಖವಾಗಿರಲಿ, ಮಳೆ ನೀರು ಇಳಿಯುವುದಿಲ್ಲ. ಹೊರುವ ಮಾತೇ ಇಲ್ಲ. ನನ್ನಂಥ ಅಲೆಮಾರಿಗೆ ಇದು ಆಗುವುದಿಲ್ಲ.

ಹಿಂದಿನ ಕ್ಯಾರಿಯರ್ ಇದ್ದರೆ ಇನ್ನೊಂದು ಉಪಾಯ ಇದೆ. ಯು ತುಂಡಿನ ಒಂದು ಕಾಲನ್ನು ಕ್ಯಾರಿಯರ್ ಕಂಬಿಗಳ ಸಂದಿನಲ್ಲಿ ತೂರಿಸಿ, ಅಡ್ಡ ಸರಳು ಹಾಕಿ ಬೀಗ ಮುಚ್ಚಿಬಿಡುವುದು. ಬ್ರಾಕೆಟ್ ಬೇಡ, ಬೀಳುವ ಮಾತಿಲ್ಲ. ಬಹಳಷ್ಟು ಕ್ಯಾರಿಯರ್‌ಗಳ ಮೇಲೆ 25 ಕಿಲೊ ಅಂತ ಅಚ್ಚು ಹಾಕಿರುತ್ತಾರೆ, ಎರಡು ಕಿಲೊ ಅದಕ್ಕೆ ಯಾವ ಲೆಕ್ಕ? ಆದರೆ ಕಬ್ಬಿಣಕ್ಕೆ ಕಬ್ಬಿಣ, ಸದ್ದು ಬ್ರಾಕೆಟ್ಟಿಗಿಂತ ಜೋರು. ಕಟ್ಟಬೇಕು. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ನನಗೆ ಇಷ್ಟವಿಲ್ಲ, ಒಂದು ಕೊಕ್ಕೆ ಕಳಚಿದರೆ ಸೀದಾ ಹಿಂದಿನ ಚಕ್ರಕ್ಕೆ. ಅದಕ್ಕೇ ಪಂಚರ್ ತಿಂದು ತಿಂದು ಮೂಲೆ ಸೇರಿದ್ದ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿದೆ.

ಇಲ್ಲಿಂದ ನನ್ನ ಕೋಪ ಇಳಿಯತೊಡಗಿತು. ಕ್ಯಾರಿಯರ್ ಮೇಲೆ ಟ್ಯೂಬ್ ಪಟ್ಟಿ ಸುತ್ತಿದ ಬೀಗ ಪಿಟ್ಟೆನ್ನಲಿಲ್ಲ. ಹಾಗಾದರೆ ಅದೇ ರಬ್ಬರ್ ಬ್ರಾಕೆಟ್ಟಿಗೆ ಯಾಕಾಗಬಾರದು ಅನ್ನಿಸಿತು. ಎರಡು ಬೆರಳಗಲದ ತುಂಡು ಕತ್ತರಿಸಿ, ಅಡ್ಡ ಸರಳು ಬ್ರಾಕೆಟ್ಟಿನ ಬಾಯಿಗೆ ಕೂರುವ ಜಾಗಕ್ಕೆ ಕೋಶದ ಹಾಗೆ ತೊಡಿಸಿದೆ. ಸುತ್ತುವುದಲ್ಲ, ತೊಡಿಸುವುದು. ಟ್ಯೂಬನ್ನು ಸೀಳದೆ ಉಂಗುರದ ಹಾಗೆ ಕತ್ತರಿಸಿದರೆ ಅದೇ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಅಂಟು ಬೇಡ, ದಾರ ಬೇಡ. ಬ್ರಾಕೆಟ್ಟಿನ ಬೆನ್ನಿಗೂ ಫ್ರೇಮಿಗೂ ನಡುವೆ ಇನ್ನೊಂದು ತುಂಡು. ಈಗ ಬೀಗ ಒಳಗೆ ಹೋಗುವಾಗ 'ಕ್ಲಿಕ್' ಬದಲು ಮೆತ್ತಗೆ 'ದುಪ್' ಅನ್ನುತ್ತದೆ, ಕೂರಿಸುವಾಗ ಹೆಬ್ಬೆರಳಿನಿಂದ ಸ್ವಲ್ಪ ಜಾಸ್ತಿ ಒತ್ತಬೇಕು. ಅಷ್ಟೇ ವ್ಯತ್ಯಾಸ. ಟಕಟಕ ಪೂರ್ತಿ ನಿಂತಿತು. ಚೈನಿನ ಸದ್ದು ಮತ್ತೆ ಕೇಳಿಸಿತು, ಪಾಪ ಅದು ಎಣ್ಣೆ ಕೇಳುತ್ತಿತ್ತು.

ಹಾಗಾಗಿ ಈಗ ನನ್ನ ದಿನಚರಿ ಹೀಗೆ. ಎಡಗೈಯಲ್ಲಿ ಯು ಹಿಡಿದು ಬಲಗೈಯಲ್ಲಿ ಕೀ ತಿರುಗಿಸುತ್ತೇನೆ, ಅಡ್ಡ ಸರಳು ಕಳಚುತ್ತದೆ. ಕಂಬದಿಂದ ಬಿಡಿಸಿ ಎರಡನ್ನೂ ಜೋಡಿಸಿ ಕೀ ಮೊದಲು ಜೇಬಿಗೆ. ಇದು ತಪ್ಪಬಾರದು, ಕೀ ಬೀಗದಲ್ಲೇ ಬಿಟ್ಟರೆ ಕುಲುಕಾಟಕ್ಕೆ ಜಾರಿ ಎಲ್ಲೋ ಬಿದ್ದಿರುತ್ತದೆ. ಆಮೇಲೆ ಬೀಗ ಬ್ರಾಕೆಟ್ಟಿಗೆ, ದುಪ್. ಪೆಡಲ್ ಮೇಲೆ ಕಾಲು. ಇಡೀ ಕೆಲಸಕ್ಕೆ ಹೆಲ್ಮೆಟ್ ಪಟ್ಟಿ ಹಾಕುವಷ್ಟು ಹೊತ್ತು. ಹೊರುವುದು ಇಷ್ಟು ಸುಲಭವಾದ ಮೇಲೆ 'ಎರಡೇ ನಿಮಿಷದ ಕೆಲಸ, ಬೀಗ ಬೇಡ ಬಿಡು' ಅನ್ನುವ ಸೋಮಾರಿತನವೂ ಹೋಗಿದೆ.

ಬ್ರಾಕೆಟ್ ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೂ ಗಮನ ಇರಲಿ. ಮುಂದಿನ ಓರೆ ಬಾರಿಗೆ ಹಾಕಿದರೆ ಮುಂಚಕ್ರ ಎರಚುವ ಕೆಸರಿನ ಪಾಲು ಬೀಗಕ್ಕೂ ಬರುತ್ತದೆ. ಸೀಟಿನ ಕೆಳಗಿನ ಬಾರು ಎಷ್ಟೋ ಚೊಕ್ಕಟ. ಕೀ ತೂತಿಗೆ ಮುಚ್ಚಳ ಇದ್ದರೆ ಮುಚ್ಚಿಯೇ ಹೊರಡಿ. ಕೀ ಒರಟಾಗಿ ತಿರುಗತೊಡಗಿದರೆ ಗ್ರೀಸ್ ತುಂಬಬೇಡಿ, ಧೂಳೆಲ್ಲ ಅದಕ್ಕೇ ಅಂಟಿ ಗೊಜ್ಜಾಗುತ್ತದೆ. ಗ್ರಾಫೈಟ್ ಪುಡಿಯಂಥ ಒಣ ಲೂಬ್ರಿಕೆಂಟ್ ಸಾಕು.

ರಬ್ಬರಿಗೂ ಬಗ್ಗದ ತೊಂದರೆ ಒಂದು ಉಳಿದಿದೆ. ನೀರಿನ ಬಾಟಲಿ. ನನ್ನದು ಸಣ್ಣ ಫ್ರೇಮ್, ಆ ತ್ರಿಕೋನದೊಳಗೆ ಬೀಗ ಕೂತರೆ ಬಾಟಲಿಗೆ ಜಾಗವೇ ಇಲ್ಲ. ಬಾಟಲಿ ಈಗ ಹ್ಯಾಂಡಲ್ ಚೀಲದಲ್ಲಿದೆ, ಓಡಿಸುತ್ತಾ ತೆಗೆಯುವುದು ಕಷ್ಟ, ನಿಂತೇ ಕುಡಿಯಬೇಕು. ನೀವು ಇನ್ನೂ ಬೀಗ ಕೊಂಡಿಲ್ಲ ಅಂತಾದರೆ ಗಿಡ್ಡ ಯು ನೋಡಿ. ಸರಳು ಅಷ್ಟೇ ದಪ್ಪ, ಉದ್ದ ಕಡಿಮೆ, ಆದ್ದರಿಂದ ತೂಕವೂ ಕಡಿಮೆ. ಒಳಗಿನ ಜಾಗ ಕಿರಿದಾಗಿರುವುದರಿಂದ ಕಳ್ಳರಿಗೆ ಸಲಾಕೆ ತೂರಿಸಿ ಮೀಟುವುದೂ ಕಷ್ಟ. ಆದರೆ ದಪ್ಪ ಕಂಬಕ್ಕೆ ಸುತ್ತು ಬರುವುದಿಲ್ಲ.

ಮಡಚುವ ಬೀಗ ಕೊಳ್ಳಬಾರದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಉಕ್ಕಿನ ಪಟ್ಟಿಗಳನ್ನು ರಿವೆಟ್ ಹಾಕಿ ಜೋಡಿಸಿದ, ಆಬಸ್ ಕಂಪನಿಯ ಬೋರ್ಡೊ ಥರದ್ದು ಚೀಲದಂಥ ಕವರಿನಲ್ಲಿ ಮಡಚಿ ಕೂರುತ್ತದೆ, ಜಾಗ ಕಡಿಮೆ ಸಾಕು, ಹೊರುವುದರಲ್ಲಿ ಅದಕ್ಕೇ ಹೆಚ್ಚು ಅಂಕ. ಆದರೆ ಅದರ ಗಟ್ಟಿ ಮಾಡೆಲ್ ಒಂದೂವರೆ ಕಿಲೊ ಮೇಲೇ ಇದೆ, ಪಟ್ಟಿಗಳು ಸೇರುವ ರಿವೆಟ್ಟೇ ಆ ಜಾತಿಯ ಬೀಗದ ದುರ್ಬಲ ಜಾಗ, ಬೆಲೆಯೂ ಜಾಸ್ತಿ. ಸದ್ದು ನಿಲ್ಲಿಸುವುದಕ್ಕೆ ಹಳೇ ಟ್ಯೂಬೇ ಸಾಕಾಗಿರುವಾಗ ನಾನು ಮತ್ತೊಂದು ಬೀಗಕ್ಕೆ ದುಡ್ಡು ಹಾಕುವುದಿಲ್ಲ.

ಬೀಗಕ್ಕೆ ಐದಕ್ಕೆ ಐದು ಸ್ಟಾರ್. ಬ್ರಾಕೆಟ್ಟಿಗೆ ಪೆಟ್ಟಿಗೆಯಿಂದ ತೆಗೆದ ಹಾಗೇ ಆದರೆ ಎರಡು, ರಬ್ಬರ್ ತೊಡಿಸಿದ ಮೇಲೆ ಮೂರೂವರೆ. ಕಳೆದ ಒಂದೂವರೆಯಲ್ಲಿ ಅರ್ಧ ಬಾಟಲಿ ಕಳೆದುಕೊಂಡದ್ದಕ್ಕೆ. ಉಳಿದ ಒಂದು, ಆ ಎರಡು ಬೆರಳಗಲದ ರಬ್ಬರನ್ನು ಕಂಪನಿಯವರೇ ಪೆಟ್ಟಿಗೆಯಲ್ಲಿ ಹಾಕಿ ಕೊಡದೇ ಇದ್ದದ್ದಕ್ಕೆ.