ಶುಂಠಿ ಸೋಡಾಗೆ ಯಾವ ಬಾಟಲಿ: ಪ್ಲಾಸ್ಟಿಕ್ಕಾ, ಗಾಜಾ?

ಪುಣೆಯ ಗೆಳೆಯರೊಬ್ಬರ ಪ್ರಶ್ನೆ ಇದು. ಮನೆಯಲ್ಲೇ ಹುದುಗಿಸುವ ಶುಂಠಿ ಸೋಡಾಗೆ ಖಾಲಿ ಕೋಲಾ ಬಾಟಲಿ ಸಾಕಾ, ಕ್ಲಿಪ್ ಮುಚ್ಚಳದ ಗಾಜಿನದೇ ಬೇಕಾ? 

ನನಗೆ ಎಲ್ಲಕ್ಕಿಂತ ಮುಖ್ಯ ಸುರಕ್ಷತೆ. ಹುದುಗು ಬರಿಸುವ ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಮುಚ್ಚಿದ ಬಾಟಲಿಯೊಳಗೆ ಒತ್ತಡ ಏರುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಆ ಕೆಲಸ ಬಹಳ ಬೇಗ ನಡೆಯುತ್ತದೆ. ಪ್ಲಾಸ್ಟಿಕ್ ಬಾಟಲಿಯನ್ನು ಒತ್ತಿ ನೋಡಿದರೆ ಸಾಕು. ಕಲ್ಲಿನಂತೆ ಗಟ್ಟಿಯಾಗಿದ್ದರೆ ತಕ್ಷಣ ಫ್ರಿಜ್‌ಗೆ ಇಡಿ. ಗಾಜು ಇಂಥ ಸುಳಿವು ಕೊಡುವುದಿಲ್ಲ, ಒತ್ತಡ ಜಾಸ್ತಿಯಾದರೆ ಸಿಡಿಯುತ್ತದೆ. ಅಲಂಕಾರದ ಚೌಕ ಬಾಟಲಿಯಂತೂ ಬೇಡವೇ ಬೇಡ. ದಪ್ಪ ಗಾಜಿನ, ಒತ್ತಡ ತಡೆಯುವ ದುಂಡನೆಯದೇ ಇರಲಿ.

ಖರ್ಚು? ಕೋಲಾ ಬಾಟಲಿ ಮನೆಯಲ್ಲೇ ಇರುತ್ತದೆ, ಅಲ್ವಾ? ಆದರೆ ಅದರಲ್ಲಿ ಗೀರು ಬೀಳುತ್ತದೆ, ಶುಂಠಿ ವಾಸನೆ ಉಳಿಯುತ್ತದೆ, ಬಿಸಿನೀರಿಗೆ ಮುದುಡುತ್ತದೆ. ಗಾಜು ವರ್ಷಗಟ್ಟಲೆ ಬರುತ್ತದೆ. ರಬ್ಬರ್ ರಿಂಗ್ ಮಾತ್ರ ಆಗಾಗ ಬದಲಿಸಬೇಕು.

ಈಗಷ್ಟೇ ಕಲಿಯುತ್ತಿದ್ದರೆ, ಮನೆಯಲ್ಲಿ ಮಕ್ಕಳಿದ್ದರೆ ಪ್ಲಾಸ್ಟಿಕ್ ಹಿಡಿಯಿರಿ. ಅಳತೆ, ಸಮಯ ಕೈಗೆ ಹತ್ತಿ, ವಾರವಾರವೂ ಮಾಡುವವರಾದರೆ ಗಾಜು ಕೊಳ್ಳಿ. ಆಗಲೂ ಒಂದು ಪ್ಲಾಸ್ಟಿಕ್ ಬಾಟಲಿ ಜೊತೆಗೆ ತುಂಬಿಡಿ. ಅದು ಗಟ್ಟಿಯಾದಾಗ ಎಲ್ಲವನ್ನೂ ಫ್ರಿಜ್‌ಗೆ ಸೇರಿಸಿ.