ಆರು ವರ್ಷ ವಾಸವಿದ್ದ ಮೇಲೆ, ಮನೆ ಡಿಸೈನ್ ಮಾಡಿದ ಸ್ಟುಡಿಯೊ ಬಗ್ಗೆ

ಗೃಹಪ್ರವೇಶದ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಆಗ ಪೇಂಟ್ ವಾಸನೆಯೂ ಚೆನ್ನಾಗಿರುತ್ತದೆ. ನಾವು ಈ ಮನೆಗೆ ಬಂದಿದ್ದು 2019ರಲ್ಲಿ. ಈಗ ಬರೆಯುತ್ತಿದ್ದೇನೆ, ನಾಲ್ಕು.

ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ 30×40 ಅಡಿ ಸೈಟು. ಮೂರು ಕಡೆಯೂ ಪಕ್ಕದವರ ಗೋಡೆ. ಸ್ಟುಡಿಯೊ ಶುರುಮಾಡಿದ ಆರ್ಕಿಟೆಕ್ಟ್ ಮೊದಲ ದಿನ ನಕ್ಷೆ ತೋರಿಸಲಿಲ್ಲ. ‘ಬೆಳಿಗ್ಗೆ ಎದ್ದ ಮೇಲೆ ಯಾರು ಎಲ್ಲಿ ಕೂರುತ್ತೀರಿ?’ ಅಂತ ಕೇಳಿದರು. ಅಮ್ಮ, ‘ಸೊಪ್ಪು ಬಿಡಿಸೋಕೆ ಒಂದಿಷ್ಟು ಬಿಸಿಲು ಬೇಕಪ್ಪ’ ಅಂದರು. ಅಷ್ಟೇ. ಅಡುಗೆಮನೆಯ ಪೂರ್ವದ ಕಿಟಕಿ ಕೆಳಗೆ ಸಾದರಹಳ್ಳಿ ಕಲ್ಲಿನ ಕಟ್ಟೆ ಬಂತು. ಇವತ್ತಿಗೂ ಮನೆಯಲ್ಲಿ ಎಲ್ಲರೂ ಕೂರುವುದು ಅಲ್ಲೇ. ದುಬಾರಿ ಸೋಫಾ ಸುಮ್ನೆ ಬಿದ್ದಿದೆ.

ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ. ಕೂದಲೆಳೆಯಂಥ ಬಿರುಕು ಬಿಟ್ಟಿದೆ. ಬಿಡುತ್ತದೆ ಅಂತ ಅವರು ಮೊದಲೇ ಹೇಳಿದ್ದರು. ಏಪ್ರಿಲ್‌ನಲ್ಲಿ ಬರಿಗಾಲಲ್ಲಿ ನಡೆದರೆ ಆ ಬಿರುಕು ನೆನಪಿಗೇ ಬರುವುದಿಲ್ಲ.

ಮಳೆನೀರು ಕೊಯ್ಲು 30×40ರ ಹೊಸ ಮನೆಗಳಿಗೆ 2009ರಿಂದಲೇ ಕಡ್ಡಾಯ. ಹೆಸರಿಗೊಂದು ಗುಂಡಿ ತೋಡಿ ಸುಮ್ಮನಾಗುವವರೇ ಜಾಸ್ತಿ. ಇವರು ಪಾರ್ಕಿಂಗ್ ಕೆಳಗೆ 6,000 ಲೀಟರ್ ಸಂಪು ಬೇಕೇಬೇಕು ಅಂತ ಹಟ ಹಿಡಿದರು. 2024ರ ಬೇಸಿಗೆಯಲ್ಲಿ ನಾವೂ ಟ್ಯಾಂಕರ್‌ಗೆ ಕಾದೆವು, ಸುಳ್ಳು ಹೇಳುವುದಿಲ್ಲ. ಆದರೆ ಮೇ ತಿಂಗಳ ಒಂದೇ ಒಳ್ಳೆ ಮಳೆಗೆ ಸಂಪು ಅರ್ಧ ತುಂಬಿತು.

ಇನ್ನು ತಕರಾರು. ಮೆಟ್ಟಿಲ ಮೇಲಿನ ಗಾಜಿನ ಸ್ಕೈಲೈಟ್‌ನಿಂದ ಸಂಜೆ ಆರರ ತನಕ ಲೈಟ್ ಹಾಕಬೇಕಾಗಿಲ್ಲ, ನಿಜ. ಆದರೆ 2022ರ ಸೆಪ್ಟೆಂಬರ್ ಮಳೆ ನೆನಪಿದೆ ಅಲ್ವಾ? ಮೆಟ್ಟಿಲ ಮೇಲೆ ಮೂರು ಬಕೆಟ್ ಇಟ್ಟಿದ್ದೆವು. ಗಾಜು ಹಗಲು ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ; ಅಂಚಿನ ಸಿಲಿಕೋನ್ ಬಿಟ್ಟುಕೊಂಡಿತ್ತು. ಆಗಾಗ ಅದನ್ನು ನೋಡಿ, ಬಿಟ್ಟಿದ್ದರೆ ಮತ್ತೆ ಬಳಿಸಬೇಕು ಅಂತ ಕೀ ಕೊಡುವಾಗ ಯಾರೂ ಹೇಳಿರಲಿಲ್ಲ. ಫೋನ್ ಮಾಡಿದರೆ ಬಂದಿದ್ದು ಹೊಸ ಹುಡುಗ. ಪಾಪ, ಅವನಿಗೆ ನಮ್ಮ ಮನೆಯ ಡ್ರಾಯಿಂಗೇ ಸಿಕ್ಕಿರಲಿಲ್ಲ.

ಇಂಟೀರಿಯರ್ ಇನ್ನೂ ಕಷ್ಟ. ಹ್ಯಾಂಡಲ್ ಇಲ್ಲದ, ಒತ್ತಿ ತೆಗೆಯುವ ಡ್ರಾಯರ್‌ಗಳು ಫೋಟೊಗೆ ಚೆಂದ. ಒಗ್ಗರಣೆಯ ಎಣ್ಣೆಗೈಯಲ್ಲಿ ಒತ್ತಿ ಒತ್ತಿ ಎರಡೇ ವರ್ಷಕ್ಕೆ ಕೆಟ್ಟವು. ಮೂರನೇ ವರ್ಷ ಸಿಂಕ್ ಕೆಳಗಿನ ಪ್ಲೈವುಡ್ ಉಬ್ಬಿತು. ಡ್ರಾಯಿಂಗ್‌ನಲ್ಲಿ ಬರೆದಿದ್ದು ನೀರು ತಡೆಯುವ ಐಎಸ್ 710 ದರ್ಜೆಯ ಪ್ಲೈವುಡ್, ಬಿಚ್ಚಿ ನೋಡಿದರೆ ಮಾಮೂಲಿ ಐಎಸ್ 303! ಬಡಗಿ ಕಂಟ್ರಾಕ್ಟರನ್ನು ಕರೆತಂದಿದ್ದೂ ಸ್ಟುಡಿಯೊದವರೇ. ಈ ಸಲ ಆರ್ಕಿಟೆಕ್ಟ್ ತಾವೇ ಬಂದರು. ಬಗ್ಗಿ ನೋಡಿ, ‘ತಪ್ಪು ನಮ್ಮದೇ’ ಅಂದರು. ಹದಿನೈದು ದಿನದಲ್ಲಿ ಅವರ ಖರ್ಚಲ್ಲೇ ಹೊಸದು ಹಾಕಿಸಿದರು. ಒಂದು ಸ್ಟಾರ್ ಕಡಿಮೆಯಾಗಿದ್ದು ಇದಕ್ಕೆ. ಎರಡಾಗದೆ ಉಳಿದಿದ್ದೂ ಇದಕ್ಕೇ.

ಫೀ ಕಟ್ಟಡದ ಖರ್ಚಿನ ಮೇಲೆ ಶೇಕಡಾ 7, ಅದರ ಮೇಲೆ 18% ಜಿಎಸ್‌ಟಿ. ಜಿಎಸ್‌ಟಿ ಲೆಕ್ಕ ನಾನು ಹಾಕಿಕೊಂಡಿರಲಿಲ್ಲ, ನೀವು ಹಾಕಿಕೊಳ್ಳಿ.

ಹೋದ ತಿಂಗಳು ನಾದಿನಿ ಅವರ ನಂಬರ್ ಕೇಳಿದಳು. ಕೊಟ್ಟೆ. ಪ್ಲೈವುಡ್ ಲೋಡ್ ಇಳಿಯುವ ದಿನ ರಜೆ ಹಾಕಿ, ಒಂದೊಂದು ಹಾಳೆಯ ಮೇಲಿನ ಐಎಸ್ ನಂಬರಿನ ಸೀಲ್ ನೋಡು ಅಂತಲೂ ಹೇಳಿದೆ.