ಇಪ್ಪತ್ತೈದು ಸಾವಿರದೊಳಗಿನ ಎಲಿಪ್ಟಿಕಲ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಎಲಿಪ್ಟಿಕಲ್ ಅಂದರೆ ನಿಂತುಕೊಂಡು ಪೆಡಲ್ ತುಳಿಯುತ್ತ ಕೈದಂಡ ಆಡಿಸುವ ವ್ಯಾಯಾಮದ ಯಂತ್ರ. ಹದಿನೈದರಿಂದ ಇಪ್ಪತ್ತೈದು ಸಾವಿರ ರೂಪಾಯಿಗೆ ಸಿಗುವಂಥವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹಿಂಬದಿಯಲ್ಲಿ ಪ್ಲಾಸ್ಟಿಕ್ ಕವಚದೊಳಗೆ ಫ್ಲೈವೀಲ್ ಎಂಬ ಭಾರದ ಚಕ್ರ, ಅದಕ್ಕೆ ಬೆಲ್ಟು, ತುಳಿತದ ಬಿಗಿ ಹೆಚ್ಚು ಕಡಿಮೆ ಮಾಡುವ ಎಂಟು ಹಂತದ ಮ್ಯಾಗ್ನೆಟಿಕ್ ಟೆನ್ಷನ್ ನಾಬ್, ಎರಡು ಎಎ ಸೆಲ್ಲಿನ ಮೀಟರ್. ಅಂಗಡಿಯವರು ಇದನ್ನೇ ಒಮ್ಮೆ ಕ್ರಾಸ್ ಟ್ರೈನರ್ ಅನ್ನುತ್ತಾರೆ, ಇನ್ನೊಮ್ಮೆ ಆರ್ಬಿಟ್ರೆಕ್ ಅನ್ನುತ್ತಾರೆ. ಜಾಹೀರಾತಿನಲ್ಲಿ ಮೆರೆಯುವುದು ಫ್ಲೈವೀಲ್‌ನ ತೂಕ, ಟೆನ್ಷನ್ ಹಂತಗಳು, ಮೀಟರಿನ ಫೀಚರುಗಳು. ಎರಡು ಮೂರು ವರ್ಷ ದಿನಾ ತುಳಿದ ಮೇಲೆ ಲೆಕ್ಕಕ್ಕೆ ಬರುವುದೇ ಬೇರೆ: ಕ್ರ್ಯಾಂಕಿನ (ಪೆಡಲ್ ದಂಡ ಜೋಡಿಸಿರುವ, ಸುತ್ತು ಬರುವ ತೋಳು) ಉದ್ದ, ಎರಡು ಪೆಡಲ್‌ಗಳ ನಡುವಿನ ಅಂತರ, ಕ್ರ್ಯಾಂಕ್ ಆಕ್ಸಲ್‌ಗೆ (ಅದನ್ನು ಹೊತ್ತು ತಿರುಗುವ ಅಡ್ಡ ದಂಡಕ್ಕೆ) ಕೂರುವ ಜಾಗ. ಈ ಮೂರರ ಬಗ್ಗೆ ಆನ್‌ಲೈನ್ ಪಟ್ಟಿಯಲ್ಲಿ ಒಂದಕ್ಷರವೂ ಇರುವುದಿಲ್ಲ.

ಮೊದಲು ಕ್ರ್ಯಾಂಕ್. ಈ ಮಾದರಿಯ ಯಂತ್ರದಲ್ಲಿ ಹೆಜ್ಜೆಯ ಉದ್ದ, ಅಂದರೆ ಸ್ಟ್ರೈಡ್, ಸುಮಾರಾಗಿ ಕ್ರ್ಯಾಂಕಿನ ಎರಡರಷ್ಟು. ಆಕ್ಸಲ್‌ನ ನಡುಮಧ್ಯದಿಂದ ಪೆಡಲ್ ದಂಡ ಜೋಡಿಸಿರುವ ಬೋಲ್ಟಿನ ನಡುಮಧ್ಯಕ್ಕೆ ಟೇಪು ಹಿಡಿದು ನೋಡಿ. 14 ಸೆಂ.ಮೀ. ಬಂದರೆ ಸ್ಟ್ರೈಡ್ 28 ಸೆಂ.ಮೀ., ಅಂದರೆ 11 ಇಂಚು. ಜಿಮ್ಮಿನ ಯಂತ್ರಗಳಲ್ಲಿ ಇದು 18ರಿಂದ 20 ಇಂಚು ಇರುತ್ತದೆ. ಐದು ಅಡಿ ಎರಡು ಮೂರು ಇಂಚು ಎತ್ತರದವರಿಗೆ 11-12 ಇಂಚು ಹೇಗೋ ನಡೆಯುತ್ತದೆ. ಐದೂವರೆ ಅಡಿ ದಾಟಿದವರಿಗೆ ಅದು ನಡಿಗೆ ಅನ್ನಿಸುವುದಿಲ್ಲ, ಮೆಟ್ಟಿಲು ಹತ್ತಿದ ಹಾಗಾಗುತ್ತದೆ: ಮಂಡಿ ಮೇಲೇಳುತ್ತದೆ, ಕಾಲು ಹಿಂದಕ್ಕೆ ಚಾಚುವುದೇ ಇಲ್ಲ, ತೊಡೆಯ ಹಿಂಭಾಗಕ್ಕೂ ಪೃಷ್ಠಕ್ಕೂ ಕೆಲಸವೇ ಸಿಗುವುದಿಲ್ಲ. ಮನೆಯಲ್ಲಿ ಎತ್ತರದವರೊಬ್ಬರಿದ್ದರೂ 15-16 ಇಂಚಿಗಿಂತ ಕಡಿಮೆಯದನ್ನು ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಆ ಅಳತೆಯ ಹೊಸ ಯಂತ್ರ ಈ ಬೆಲೆಯಲ್ಲಿ ಅಪರೂಪ. ಸೆಕೆಂಡ್ ಹ್ಯಾಂಡ್ ಕಡೆ ನೋಡಬೇಕಾಗಿ ಬರುವುದು ಅದಕ್ಕೇ.

ಪೆಡಲ್ ನಡುವಿನ ಅಂತರವನ್ನು ಎರಡೂ ಪೆಡಲ್‌ಗಳ ಒಳ ಅಂಚಿನಿಂದ ಅಳೆಯಿರಿ. 10 ಸೆಂ.ಮೀ. ಆಸುಪಾಸಿದ್ದರೆ ಒಳ್ಳೆಯದು. ಅಗ್ಗದ ಯಂತ್ರಗಳಲ್ಲಿ ಕವಚ ಎರಡು ಕಾಲುಗಳ ನಡುವೆಯೇ ಬರುವುದರಿಂದ 15 ದಾಟುವುದು ಮಾಮೂಲು. ಅಷ್ಟು ಅಗಲಿಸಿ ಅರ್ಧ ಗಂಟೆ ತುಳಿದರೆ ಸೊಂಟದ ಪಕ್ಕ ಹಿಡಿದುಕೊಳ್ಳುತ್ತದೆ. ಇದಕ್ಕೆ ರಿಪೇರಿ ಇಲ್ಲ. ಪಾದವನ್ನು ಪೆಡಲಿನ ಒಳ ಅಂಚಿಗೆ ಒತ್ತಿ ಇಡುವುದೊಂದೇ ದಾರಿ. ಬೆರಳು ಜೋಮು ಹಿಡಿಯುವುದು ಬೇರೆ ವಿಷಯ. ಅಂಗಾಲು ಮೇಲೇಳದೆ ಒಂದೇ ಕಡೆ ಭಾರ ಬೀಳುವುದರಿಂದ ಹಾಗಾಗುತ್ತದೆ. ಬರಿಗಾಲಲ್ಲಿ ತುಳಿಯದೆ ಶೂ ಹಾಕಿಕೊಳ್ಳಿ, ಐದು ನಿಮಿಷಕ್ಕೊಮ್ಮೆ ಒಂದು ನಿಮಿಷ ಹಿಮ್ಮುಖವಾಗಿ ತುಳಿಯಿರಿ.

ಇನ್ನು ಫ್ಲೈವೀಲ್. ಎಷ್ಟು ಕೆ.ಜಿ. ಎಂಬುದೊಂದೇ ಏನನ್ನೂ ಹೇಳುವುದಿಲ್ಲ. ತಿರುಗುವ ಚಕ್ರದಲ್ಲಿ ಕೂಡಿಡುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಎಂಟು ಸುತ್ತು ತಿರುಗುವ 5 ಕೆ.ಜಿ. ಚಕ್ರವನ್ನೂ, ಐದೇ ಸುತ್ತು ತಿರುಗುವ ಅದೇ ವ್ಯಾಸದ 8 ಕೆ.ಜಿ. ಚಕ್ರವನ್ನೂ ಹೋಲಿಸಿದರೆ ಮೊದಲನೆಯದೇ ನಯವಾಗಿ ಓಡುತ್ತದೆ. ಲೆಕ್ಕ ಬೇಡ ಅನ್ನುವವರು ಅಂಗಡಿಯಲ್ಲಿ ಹೀಗೆ ಮಾಡಿ: ನಾಬನ್ನು 1ಕ್ಕೆ ಇಟ್ಟು, ಪೆಡಲನ್ನು ಕೈಯಿಂದ ಜೋರಾಗಿ ತಳ್ಳಿ ಬಿಡಿ. ಒಂದೆರಡು ಸುತ್ತಾದರೂ ತಾನಾಗಿ ತಿರುಗಬೇಕು. ಅರ್ಧ ಸುತ್ತಿಗೇ ನಿಂತರೆ, ತುಳಿಯುವಾಗ ಕ್ರ್ಯಾಂಕ್ ಮೇಲೆ ಕೆಳಗೆ ಬರುವ ಪ್ರತಿ ಸಲವೂ ಗಕ್ಕನೆ ತಡೆದ ಹಾಗೆ ಆಗುತ್ತದೆ.

ಟೆನ್ಷನ್ ಹಂತಗಳ ಬಗ್ಗೆ ಬರುವ ದೂರು ಒಂದೇ: ‘8ಕ್ಕೆ ಇಟ್ಟರೂ ಬಿಗಿ ಇಲ್ಲ’. ಆಯಸ್ಕಾಂತ ಫ್ಲೈವೀಲನ್ನು ಮುಟ್ಟುವುದಿಲ್ಲ, ಹತ್ತಿರ ಬಂದು ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿಸಿ ತಡೆಯುತ್ತದೆ. ಆ ತಡೆ ವೇಗಕ್ಕೆ ತಕ್ಕ ಹಾಗೆ ಏರುತ್ತದೆ. ನಿಧಾನ ತುಳಿದರೆ ಯಾವ ಹಂತವೂ ಸಡಿಲವೇ. ವೇಗ ಹೆಚ್ಚಿಸಿದ ಮೇಲೂ 1ಕ್ಕೂ 8ಕ್ಕೂ ವ್ಯತ್ಯಾಸ ಕಾಣದಿದ್ದರೆ, ನಾಬಿನಿಂದ ಆಯಸ್ಕಾಂತಕ್ಕೆ ಹೋಗುವ ಕೇಬಲ್ ಹೆಚ್ಚಾಗಿ ಕಳಚಿರುತ್ತದೆ. ಮುಂದಿನ ಕಂಬದೊಳಗೆ ಮೇಲಿನ ಕೇಬಲಿನ ಗುಂಡು ತುದಿಯನ್ನು ಕೆಳಗಿನ ಕೇಬಲಿನ ಕೊಕ್ಕೆಗೆ ಸಿಕ್ಕಿಸಿರುತ್ತಾರೆ. ಜೋಡಿಸುವಾಗ ನಾಬ್ 1ರಲ್ಲಿರಬೇಕು, ಇಲ್ಲದಿದ್ದರೆ ತುದಿ ಕೊಕ್ಕೆಯೊಳಗೆ ಪೂರ್ತಿ ಕೂರುವುದಿಲ್ಲ. ಕಂಬ ಇಳಿಸುವಾಗ ಕೇಬಲ್ಲೋ ಮೀಟರಿನ ವೈರೋ ಪೈಪಿನ ಅಂಚಿಗೆ ಸಿಕ್ಕಿ ಜಜ್ಜಿಹೋಗುವುದೂ ಇದೆ. ಒಬ್ಬರು ಕಂಬ ಹಿಡಿದುಕೊಂಡು ಇನ್ನೊಬ್ಬರು ವೈರ್ ಎಳೆದುಕೊಳ್ಳುವುದು ಕ್ಷೇಮ.

ಈ ಯಂತ್ರಗಳು ನಿಜವಾಗಿ ಸಾಯುವುದು ಕ್ರ್ಯಾಂಕಿನ ಬುಡದಲ್ಲಿ. ಆಕ್ಸಲಿನ ತುದಿ ಚೌಕವಾಗಿ, ತುಸು ಮೊನಚಾಗಿ ಇರುತ್ತದೆ. ಕ್ರ್ಯಾಂಕಿನ ತೂತು ಅದರ ಮೇಲೆ ಕೂತು ನಟ್ಟಿನಿಂದ ಬಿಗಿಯಾಗುತ್ತದೆ. ಹೊಸದರಲ್ಲಿ ಬಣ್ಣದ ಪದರ ಒತ್ತಿಹೋಗಿ ಕ್ರ್ಯಾಂಕ್ ಕೂದಲೆಳೆಯಷ್ಟು ಒಳಗೆ ಸರಿಯುತ್ತದೆ, ನಟ್ಟು ತಾನಾಗಿಯೇ ಸಡಿಲ. ಆಗ ಸುತ್ತಿಗೊಮ್ಮೆ ‘ಟಕ್’ ಎಂಬ ಸದ್ದು. ಸದ್ದನ್ನು ಕೇಳಿಯೂ ತುಳಿಯುತ್ತ ಹೋದರೆ ಗಟ್ಟಿ ಆಕ್ಸಲು ಮೆದು ಕ್ರ್ಯಾಂಕಿನ ತೂತನ್ನು ಅಗಲ ಮಾಡುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು. ಅದು ಸಿಗದಿದ್ದರೆ ಯಂತ್ರ ಗುಜರಿಗೆ.

ತಪ್ಪಿಸುವ ಕೆಲಸ ಹತ್ತು ನಿಮಿಷದ್ದು. ಪ್ಲಾಸ್ಟಿಕ್ ಮುಚ್ಚಳವನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ. ಡಬ್ಬದಲ್ಲಿ ಬರುವ ತಗಡಿನ ಸ್ಪ್ಯಾನರ್ ಪಕ್ಕಕ್ಕಿಟ್ಟು, ಉದ್ದ ಹಿಡಿಯ ಸಾಕೆಟ್ಟಿನಿಂದ ನಟ್ಟನ್ನು ಬಿಗಿಯಿರಿ. ಮೊದಲ ವಾರ ಎರಡು ಸಲ, ಆಮೇಲೆ ತಿಂಗಳಿಗೊಮ್ಮೆ. ಎರಡನೇ ಬಾರಿಯೂ ಸಡಿಲವಾದರೆ ನಟ್ಟು ಬಿಚ್ಚಿ, ಮರೆಯ (ತಿರುಪಿನ ಸುರುಳಿ ಗೆರೆಗಳ) ಜಿಡ್ಡು ಒರೆಸಿ, ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಎರಡು ಹನಿ ಹಾಕಿ ಬಿಗಿದು ಒಂದು ದಿನ ಒಣಗಲು ಬಿಡಿ. ಕೆಂಪು ಬಣ್ಣದ ಅಂಟು ಬೇಡ, ಮತ್ತೆ ಸುಲಭವಾಗಿ ಬಿಚ್ಚಲು ಬರುವುದಿಲ್ಲ. ಪೆಡಲ್ ದಂಡದ ಬೋಲ್ಟುಗಳ ಮೇಲೆ ಎಲ್, ಆರ್ ಎಂದು ಕೊರೆದಿದ್ದರೆ ಎಲ್ ಬೋಲ್ಟಿಗೆ ಉಲ್ಟಾ ಮರೆ: ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಹಾಕಿ. ಓರೆ ಹೋದ ಬೋಲ್ಟನ್ನು ಸ್ಪ್ಯಾನರಿನಿಂದ ಒತ್ತಾಯಿಸಿದರೆ ಕ್ರ್ಯಾಂಕಿನ ಮರೆಯೇ ಕಿತ್ತುಬರುತ್ತದೆ. ಹೊಸ ಯಂತ್ರ ಮೊದಲ ದಿನವೇ ಹಾಳಾಗುವುದು ಹೆಚ್ಚಾಗಿ ಇಲ್ಲಿ.

ಬೇರೆ ಸದ್ದುಗಳನ್ನು ಕಿವಿಯಿಂದಲೇ ಪತ್ತೆ ಹಚ್ಚಬಹುದು. ಕೈದಂಡ ಹಿಂದೆ ಮುಂದೆ ಹೋದಾಗ ಕಿರ್ರೆಂದರೆ ಅದರ ಬುಡದ ಬುಶ್ (ಬೋಲ್ಟಿನ ಸುತ್ತ ಕೂರುವ ಬಳೆ) ಒಣಗಿದೆ. ಬೋಲ್ಟು ಎಳೆದು ಹಳೆಯ ಕೊಳೆ ಒರೆಸಿ ಬಿಳಿ ಲಿಥಿಯಂ ಗ್ರೀಸ್ ಸವರಿ. ಡಬ್ಲ್ಯೂಡಿ-40 ಹೊಡೆದರೆ ಸದ್ದು ಎರಡು ದಿನ ನಿಲ್ಲುತ್ತದೆ, ಇದ್ದ ಗ್ರೀಸೂ ತೊಳೆದುಹೋಗಿ ಮೂರನೇ ದಿನ ಜೋರಾಗುತ್ತದೆ. ಪೆಡಲಿಗಿಂತ ಬಹಳ ವೇಗದ ಲಯದಲ್ಲಿ ಗರಗರ ಕೇಳಿದರೆ ಫ್ಲೈವೀಲಿನ ಬೇರಿಂಗ್ ಹೋಗಿದೆ. ಗಾಬರಿ ಬೇಡ. ಬೇರಿಂಗಿನ ಮುಚ್ಚಳದ ಮೇಲೆ 6203, 6004 ಎಂಬಂಥ ನಂಬರ್ ಇರುತ್ತದೆ. ಮೊದಲನೆಯದು 17 ಮಿ.ಮೀ. ಒಳವ್ಯಾಸದ್ದು, ಎರಡನೆಯದು 20. ಆ ನಂಬರ್ ಹೇಳಿದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಾಗಲಿ, ಜಿಲ್ಲಾ ಕೇಂದ್ರದ ಯಾವುದೇ ಬೇರಿಂಗ್ ಅಂಗಡಿಯಲ್ಲಾಗಲಿ ಸಿಗುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಬೆಲ್ಟಿಗೂ ಬೆನ್ನ ಮೇಲೆ ನಂಬರ್ ಇರುತ್ತದೆ, ಹೊಸದರಲ್ಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸವೆದ ಮೇಲೆ ಅದು ಓದಲು ಬರುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಮಳೆಗಾಲವೇ ದೊಡ್ಡ ಶತ್ರು. ಬಾಲ್ಕನಿಯಲ್ಲಿಟ್ಟರೆ ಮೊದಲು ತುಕ್ಕು ಹಿಡಿಯುವುದು ಬೋಲ್ಟಿನ ತಲೆಗಳು, ಆಮೇಲೆ ವೆಲ್ಡಿಂಗ್ ಜಾಗಗಳು. ಬೆವರು ತೊಟ್ಟಿಕ್ಕುವ ಪೆಡಲ್ ದಂಡವನ್ನು ದಿನಾ ಒರೆಸಬೇಕು. ಬಳಸದ ತಿಂಗಳುಗಳಲ್ಲಿ ಮೀಟರಿನ ಸೆಲ್ ತೆಗೆದಿಡಿ, ಸೋರಿದರೆ ಸೆಲ್ಲಿಗೆ ತಾಗುವ ತಗಡೇ ಕೊರೆದುಹೋಗುತ್ತದೆ.

ಮೀಟರ್ ತೋರಿಸುವ ಕ್ಯಾಲೊರಿಯನ್ನು ನಂಬಲೇಬೇಡಿ. ಹೆಚ್ಚಿನವುಗಳಿಗೆ ನಿಮ್ಮ ತೂಕವೂ ಗೊತ್ತಿಲ್ಲ, ನಾಬ್ ಎಷ್ಟರಲ್ಲಿದೆ ಎಂದೂ ಗೊತ್ತಿಲ್ಲ. ಸುತ್ತು ಎಣಿಸಿ ಗುಣಿಸುತ್ತದೆ, ಅಷ್ಟೆ. ವ್ಯಾಯಾಮ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 20957ರ ಪ್ರಕಾರ ತಯಾರಾದ ಯಂತ್ರದ ಮೇಲೆ ‘ಎಚ್‌ಸಿ’ ಎಂದು ಬರೆದಿದ್ದರೆ ಮನೆ ಬಳಕೆಯದು, ನಿಖರತೆಯಲ್ಲಿ ಕೊನೆಯ ದರ್ಜೆ ಎಂದರ್ಥ. ಸಮಯ ನೋಡಲು ಮೀಟರ್ ಸಾಕು.

ಜಾಗದ ಮಾತು: ನಿಮ್ಮ ಎತ್ತರಕ್ಕೆ ಪೆಡಲ್ ಅತಿ ಮೇಲಿದ್ದಾಗಿನ ಎತ್ತರ ಕೂಡಿಸಿ, ಮೇಲೆ ಇನ್ನರ್ಧ ಅಡಿ ಬಿಡಿ. ಏಳಡಿಯ ಲಾಫ್ಟ್ ಕೆಳಗೆ ಇಟ್ಟುಕೊಳ್ಳುವ ಯೋಚನೆ ಅಲ್ಲಿಗೇ ಬಿದ್ದುಹೋಗುತ್ತದೆ. ವಿಟ್ರಿಫೈಡ್ ಟೈಲ್ಸ್ ಮೇಲೆ 8-10 ಮಿ.ಮೀ. ರಬ್ಬರ್ ಮ್ಯಾಟ್ ಬೇಕೇ ಬೇಕು. ಕೆಳಗಿನ ಫ್ಲ್ಯಾಟಿನವರ ನಿದ್ದೆಗೂ ಅದೇ ಒಳ್ಳೆಯದು. ಬಳಸುವವರ ತೂಕದ ಮಿತಿಯಲ್ಲಿ ನಿಮ್ಮ ತೂಕಕ್ಕಿಂತ 20-25 ಕೆ.ಜಿ. ಹೆಚ್ಚಿರಲಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ತುಳಿಯುವ ಮೊದಲೇ ಒಂದು ಪೆಡಲನ್ನು ಅತಿ ಕೆಳಗೆ ತಂದು ನಿಲ್ಲಿಸಿ, ಕ್ರ್ಯಾಂಕನ್ನು ಹಿಡಿದು ನಿಮ್ಮ ಕಡೆಗೂ ಆಚೆಗೂ ಅಲ್ಲಾಡಿಸಿ. ಎರಡೂ ಕ್ರ್ಯಾಂಕ್ ಜೊತೆಯಲ್ಲೇ ಅಲುಗಿದರೆ ಬೇರಿಂಗ್, ಕೆಲವು ನೂರು ರೂಪಾಯಿಯ ಕೆಲಸ. ಆಕ್ಸಲ್ ಅಲುಗದೆ ಒಂದೇ ಕ್ರ್ಯಾಂಕ್ ಅಲುಗಿದರೆ ತೂತು ಅಗಲವಾಗಿದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬನ್ನಿ. ಸರಿಯಿದ್ದರೆ ಸಾಗಿಸುವಾಗ ಕೈದಂಡ, ಕಂಬ, ಪೆಡಲ್ ದಂಡಗಳನ್ನು ಮಾತ್ರ ಬಿಚ್ಚಿಸಿ. ಕೂತ ಕ್ರ್ಯಾಂಕನ್ನು ಕೀಳಲು ಬಿಡಬೇಡಿ.